ಹಿಲ್ ಸಾಹೇಬರ ಆಡು

ಇಪ್ಪತ್ತೆರಡು ವರ್ಷ ಕಮಲಾಪುರದ ಮಕ್ಕಳಿಗೆ ಫಾರಸಿ ಕಲಿಸಿದ ಗುಲಾಮ್ ರಸೂಲ್ ಮಾಸ್ತರರಿಗೆ ಒಂದು ದಿನ ಸರ್ಕಾರ, ಫಾರಸಿ ಸಾಕು, ನಾಳೆಯಿಂದ ಇಂಗ್ಲಿಷ್ ಕಲಿಸಿ ಎಂದಿತು. ಸರ್ಕಾರಕ್ಕೇನು, ಹೇಳಿ ಕೈ ತೊಳೆದುಕೊಂಡಿತು. ಪೊಲೀಸ್ ಆ್ಯಕ್ಷನ್ ಮುಗಿದು ಒಂದೂವರೆ ವರ್ಷವಾಗಿತ್ತು. ನಿಜಾಮರು ಹೋಗಿ ಬಾವುಟ ಬದಲಾಗಿತ್ತು, ಕಚೇರಿಯ ಭಾಷೆ ಬದಲಾಗಿತ್ತು, ಇನ್ನು ಮಾಸ್ತರರು ಬದಲಾಗುವುದೊಂದು ಬಾಕಿ ಇತ್ತು. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಔಷಧದ ಸೀಸೆಯ ಮೇಲಿನಷ್ಟೇ. ಆದರೆ ಮನೆಯಲ್ಲಿ ಹೆಂಡತಿ ಮತ್ತು ಮದುವೆಗೆ ಬಂದ ಮೂರು ಹೆಣ್ಣುಮಕ್ಕಳಿದ್ದರು. ನಲವತ್ತೇಳನೆಯ ವಯಸ್ಸಿನಲ್ಲಿ ಅವರು ಡಿಕ್ಷನರಿ ಹಿಡಿದು ಕೂತರು.

ಪ್ರತಿ ಸೋಮವಾರದ ಬಸ್ಸಿಗೆ ಕಲಬುರಗಿಯ ಕಚೇರಿಯಿಂದ ಒಂದು ಲಕೋಟೆ ಬರುವುದೆಂದು ಗೊತ್ತಾಯಿತು. ಒಳಗೆ ಇಂಗ್ಲಿಷಿನಲ್ಲಿ ಹತ್ತು ಸಾಲಿನ ಒಂದು ಕಥೆ, ಕೆಳಗೆ ಪ್ರಶ್ನೆಗಳು. ಏಳನೆಯ ತರಗತಿಯ ಮಕ್ಕಳು ಅದನ್ನೋದಿ, ವ್ಯಾಕರಣ ತಪ್ಪದಂತೆ ಪೂರ್ಣ ವಾಕ್ಯದಲ್ಲಿ ಉತ್ತರ ಬರೆದು, ಮುಂದಿನ ಸೋಮವಾರ ವಾಪಸ್ ಕಳಿಸಬೇಕು. ಉತ್ತರ ಸರಿಯಿದ್ದರೆ ಮಾಸ್ತರರ ನೌಕರಿ ಉಳಿಯಿತು. ಇಲ್ಲದಿದ್ದರೆ ಇಲ್ಲ.

ಮೊದಲ ಲಕೋಟೆ ಬಂತು. ಅದರ ಮೇಲೆ ಮೊಹರಿತ್ತು. ಮೊಹರಿದ್ದ ಕಾಗದ ಮೊದಲು ಚಾವಡಿಗೆ ಹೋಗಬೇಕೆಂಬುದು ಊರಿನ ಪದ್ಧತಿ. ಊರ ಕಾವಲಿನ ವಾಲೀಕಾರ ಮಾಪಣ್ಣ ಅದನ್ನು ಬಸ್ಸಿನಿಂದ ಇಳಿಸಿಕೊಂಡು ಹೋಗಿ ಪೊಲೀಸ್ ಪಾಟೀಲರಾದ ಮಲ್ಕಪ್ಪನವರ ಮುಂದಿಟ್ಟ. ಪಾಟೀಲರು ಮಾಸ್ತರರನ್ನು ಕರೆಸಿದರು. ಊರೇ ನೆರೆಯಿತು.

ಮಾಸ್ತರರು ಡಿಕ್ಷನರಿ ತಿರುವುತ್ತ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದರು. ಹಿಲ್ ಸಾಹೇಬರ ಹತ್ತಿರ ಒಂದು ಬಿಳಿ ಆಡಿತ್ತು. ಒಂದು ದಿನ ಅದು ಕಾಣೆಯಾಯಿತು. ಜಾರ್ಜ್ ಎಂಬವನು ಅದನ್ನು ಕದ್ದು ಗುಡ್ಡದ ಹಿಂದೆ ಬಚ್ಚಿಟ್ಟ. ಆಮೇಲೆ ಪ್ರಶ್ನೆಗಳಿಗೆ ಬಂದರು: ಆಡು ಕದ್ದವರು ಯಾರು? ಎಲ್ಲಿ ಬಚ್ಚಿಟ್ಟರು?

ಚಾವಡಿಯಲ್ಲಿದ್ದವರಿಗೆ ಇಂಥ ಪ್ರಶ್ನೆಗಳ ರುಚಿ ಚೆನ್ನಾಗಿ ಗೊತ್ತಿತ್ತು. ರಜಾಕಾರರು ಹೆಸರಿನ ಪಟ್ಟಿ ಹಿಡಿದು ಬಂದಿದ್ದರು; ಅವರು ಹೋದ ಮೇಲೆ ಬೇರೆಯವರು ಬೇರೆ ಪಟ್ಟಿ ಹಿಡಿದು ಬಂದಿದ್ದರು.

"ಬರಕೋರಿ ಮಾಸ್ತರ್ರ," ಎಂದರು ಪಾಟೀಲರು. "ನಮ್ಮ ಊರಾಗ ಹಿಲ್ ಸಾಹೇಬ ಅನ್ನಾವ ಇಲ್ಲ. ಅವರ ಆಡ ನಾವು ಕಂಡಿಲ್ಲ."

"ಗೌಡ್ರ, ಇದು ಪಾಠ ರೀ. ಕಟ್ಟಿದ ಕಥಿ."

"ಕಟ್ಟಿದ ಕಥಿಗಿ ಸರ್ಕಾರ ಮೊಹರ ಯಾಕ ಹೊಡೀತದ?"

ಅಂದೇ ಸಂಜೆ ಮಾಪಣ್ಣ ಮನೆಮನೆಗೆ ಹೋಗಿ ಆಡು ತಪಾಸಣೆ ಮಾಡಿದ. ಬಿಳಿ ಆಡು ಸಾಕಿದ್ದ ಇಬ್ಬರು ಅವಕ್ಕೆ ಮೈತುಂಬ ಕೆಮ್ಮಣ್ಣು ಬಳಿದರು. ಗುಡ್ಡದ ಹಿಂದೆ ಹೊಲವಿದ್ದ ಯಂಕಪ್ಪ, ತಾನು ಆ ಕಡೆ ಹೋಗಿ ಆರು ತಿಂಗಳಾಯಿತೆಂದು ಯಾರೂ ಕೇಳದಿದ್ದರೂ ಆಣೆ ಮಾಡಿದ.

ಬೆಳಿಗ್ಗೆ ಪಕ್ಕದ ಮನೆಯ ರೋಷನಬಿ ಮಾಸ್ತರರ ಬಾಗಿಲಿಗೆ ಬಂದಳು. ಅವಳ ಮಗ ಬಂದೇನವಾಜ್ ದರ್ಜಿ ಕೆಲಸದವನು. ರಜಾಕಾರನೆಂದು ಯಾರೋ ಅರ್ಜಿಯಲ್ಲಿ ಅವನ ಹೆಸರು ಬರೆದಿದ್ದರು. ಅಷ್ಟಕ್ಕೇ ಹದಿನೆಂಟು ತಿಂಗಳಿಂದ ಕಲಬುರಗಿಯ ಜೇಲಿನಲ್ಲಿದ್ದ.

"ಭಾಯಿಸಾಬ್, ಆ ಜಾರ್ಜಪ್ಪ ಕದಿಯೂದು ನೀವು ಕಣ್ಣಾರೆ ನೋಡೀರೇನ್ರಿ?"

"ಇಲ್ಲ."

"ಮತ್ತ ಅವನ ಹೆಸರ ಬರೀಬ್ಯಾಡ್ರಿ. ಅವನಿಗೂ ಒಬ್ಬಾಕಿ ತಾಯಿ ಇದ್ದಾಳು."

ಮಾಸ್ತರರಿಗೆ ನಗು ಬರಬೇಕಿತ್ತು, ಬರಲಿಲ್ಲ. ಏಳನೆಯ ತರಗತಿಯ ಮಕ್ಕಳು ಮನೆಯವರು ಹೇಳಿಕೊಟ್ಟಂತೆ, ಒಂದು ಕ್ರಿಯಾಪದವೂ ತಪ್ಪದ ಇಂಗ್ಲಿಷಿನಲ್ಲಿ ಬರೆದರು: ಆಡು ಕದ್ದವರು ಯಾರೆಂದು ನಮಗೆ ಗೊತ್ತಿಲ್ಲ. ನಮ್ಮ ಊರಿನ ಯಾರೂ ಆಡನ್ನು ನೋಡಿಲ್ಲ. ಆ ದಿನ ನಾವೆಲ್ಲರೂ ಮನೆಯಲ್ಲೇ ಇದ್ದೆವು. ಮಾಸ್ತರರು ಅದನ್ನೇ ಲಕೋಟೆಗೆ ಹಾಕಿ ಕಳಿಸಿದರು.

ಮುಂದಿನ ವಾರ ಕಥೆ ಬರಲಿಲ್ಲ, ಮಾಸ್ತರರಿಗೆ ಬುಲಾವು ಬಂತು. ಅಧಿಕಾರಿಗೆ ಕೊಡಲೆಂದು ಒಂದು ಗೊನೆ ಕಮಲಾಪುರದ ಕೆಂಪು ಬಾಳೆಹಣ್ಣು ಹೊತ್ತು ಅವರು ಕಲಬುರಗಿಯ ಬಸ್ಸು ಹತ್ತಿದರು. ಕೋಟೆಯ ಸಮೀಪದ ಕಚೇರಿಯಲ್ಲಿ ಹೊರ ಊರಿನಿಂದ ಬಂದ ಅಧಿಕಾರಿ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು.

"ವ್ಯಾಕರಣಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ. ಉತ್ತರಕ್ಕೆ ಸೊನ್ನೆ. ಕದ್ದವನು ಯಾರು ಅಂತ ಮೂರನೆಯ ಸಾಲಿನಲ್ಲೇ ಇದೆಯಲ್ಲ ಮಾಸ್ತರೇ!"

"ಅದ ಹುಜೂರ್. ಆದ್ರ ಅದನ್ನ ಬರದವ್ರು ಯಾರಂತ ಗೊತ್ತಿಲ್ಲ."

ಅಧಿಕಾರಿ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. "ಸರಿಯಾದ ಉತ್ತರ ಇಲ್ಲೇ ಬರೆಯಿರಿ, ಇಲ್ಲವೇ ರಾಜೀನಾಮೆ ಬರೆಯಿರಿ."

ಮೂರು ಹೆಣ್ಣುಮಕ್ಕಳ ಮುಖಗಳು ಸಾಲಾಗಿ ಕಣ್ಣ ಮುಂದೆ ಬಂದವು. ಮಾಸ್ತರರು ಬರೆದರು: ಜಾರ್ಜ್ ಆಡನ್ನು ಕದ್ದನು. ಪೂರ್ಣ ವಾಕ್ಯ. ಕೊನೆಗೊಂದು ಚುಕ್ಕೆಯನ್ನೂ ಇಟ್ಟರು. ನೌಕರಿ ಉಳಿಯಿತು.

ಊರಿಗೆ ಬಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾಸ್ತರರಿಗೆ ಸುಳ್ಳು ಇಂಗ್ಲಿಷಿಗಿಂತ ಕಷ್ಟ. ಬರೆದೆ ಎಂದುಬಿಟ್ಟರು. ಮರುದಿನ ಹಾಲಿನವಳು ಬರಲಿಲ್ಲ. ನಾವಲಗೇರ ಗಡ್ಡ ಕೆರೆಯಲು ಒಲ್ಲೆನೆಂದ. ಚಾವಡಿಯಲ್ಲಿ ಕೂತವರು ಮಾಸ್ತರರು ಬಂದೊಡನೆ ಮಾತು ನಿಲ್ಲಿಸಿದರು. ಕಾಣದವನ ಮೇಲೆ ಸಾಕ್ಷಿ ನುಡಿದವನು ನಾಳೆ ಕಂಡವರನ್ನು ಬಿಡುತ್ತಾನೆಯೇ? ಎಂದೂ ಹುಟ್ಟದ ಜಾರ್ಜನಿಗಾಗಿ ಒಂದು ಊರು ಹೀಗೆ ಮುಖ ತಿರುಗಿಸಿ ಕೂತಿತೆಂದರೆ ಹುಚ್ಚು ಎನ್ನಬೇಕು. ಮಾಸ್ತರರೂ ಹಾಗೇ ಅಂದುಕೊಂಡರು. ಆದರೂ ರೋಷನಬಿ ಅವರನ್ನು ಕಂಡೊಡನೆ ಬಾಗಿಲು ಮುಚ್ಚಿಕೊಂಡಾಗ ಅವರಿಗೆ ಅಳು ಬಂತು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವರೊಬ್ಬರೇ ಕೂತು, ಜೀವಮಾನದಲ್ಲಿ ಮೊದಲ ಸಲ ಸ್ವಂತ ಇಂಗ್ಲಿಷಿನಲ್ಲಿ ಒಂದು ಕಥೆ ಬರೆದರು. ಆರು ಸಾಲಿಗೆ ಮೂರು ತಾಸು ಹಿಡಿಯಿತು. ಹಾಳೆ ಹಿಡಿದು ಚಾವಡಿಗೆ ಹೋಗಿ, ಯಾರೂ ಕರೆಯದೆಯೇ, ಕನ್ನಡದಲ್ಲಿ ಓದಿದರು. ಜಾರ್ಜ್ ಆಡು ಕದ್ದಿರಲಿಲ್ಲ. ಆಡು ತಾನೇ ಮೇಯುತ್ತ ಗುಡ್ಡದಾಚೆ ಹೋಗಿತ್ತು. ಸಂಜೆಗೆ ತಾನೇ ತಿರುಗಿ ಬಂತು. ಹಿಲ್ ಸಾಹೇಬರು ತಪ್ಪಾಯಿತೆಂದರು. ಜಾರ್ಜನನ್ನು ಬಿಟ್ಟರು. ಅವನು ಮನೆಗೆ ಬಂದನು.

"ಮೊಹರ ಎಲ್ಲದ?" ಎಂದು ಪಾಟೀಲರು ಕೇಳಿದರು.

ಮಾಸ್ತರರು ಶಾಲೆಗೆ ಓಡಿಹೋಗಿ, ನಿಜಾಮರ ಕಾಲದ ಉರ್ದು ಮೊಹರನ್ನೇ ಒತ್ತಿಕೊಂಡು ಬಂದರು. ಪಾಟೀಲರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸರಿಯದ ಎಂದರು. ಮಾಪಣ್ಣ ನಿಟ್ಟುಸಿರು ಬಿಟ್ಟ. ಬಿಳಿ ಆಡಿನವರು ಕೆಮ್ಮಣ್ಣು ತೊಳೆಯಲು ಎದ್ದರು.

ರೋಷನಬಿ ಮಾತ್ರ ಕಂಬದ ಹತ್ತಿರ ನಿಂತೇ ಇದ್ದಳು. "ಮನಿಗಿ ಬಂದಾಗ ಅವನ ತಾಯಿ ಜಿಂದಾ ಇದ್ದಳೇನ್ರಿ?"

ಮಾಸ್ತರರು ಅಲ್ಲೇ ಕೂತು ಏಳನೆಯ ಸಾಲು ಬರೆದು, ಅದನ್ನೂ ಓದಿ ಹೇಳಿದರು. ತಾಯಿ ಬಾಗಿಲಲ್ಲೇ ಇದ್ದಳು.

"ಹಂಗಾರ ಇನ್ನೊಂದ ಕೆಲಸ ಮಾಡ್ರಿ ಭಾಯಿಸಾಬ್. ಇದನ್ನೇ ಇನ್ನೊಂದ ಹಾಳಿ ಮ್ಯಾಲ ಬರೀರಿ. ಜಾರ್ಜಪ್ಪನ ಹೆಸರ ಇದ್ದಲ್ಲಿ ನಮ್ಮ ಬಂದೇನವಾಜನ ಹೆಸರ ಹಾಕಿ ಕಲಬುರ್ಗಿಗಿ ಕಳಿಸ್ರಿ."

ಇದರಿಂದ ಏನೂ ಆಗುವುದಿಲ್ಲವೆಂದು ಮಾಸ್ತರರಿಗೆ ಗೊತ್ತಿತ್ತು. ಆಗುವುದಿದ್ದರೆ ತಮ್ಮ ನೌಕರಿಗೇ ಕುತ್ತು ಎಂಬುದೂ ಗೊತ್ತಿತ್ತು. ಹೊಸ ಹಾಳೆ ತೆಗೆದುಕೊಂಡರು. ಎಲ್ಲರೂ ನೋಡುತ್ತಿದ್ದಂತೆ ಇಂಗ್ಲಿಷಿನಲ್ಲಿ ಬಂದೇನವಾಜ್ ಎಂದು ಬರೆದು, ಅವನು ಮನೆಗೆ ಬಂದನು ಎಂಬುದನ್ನು ಭೂತಕಾಲದಲ್ಲೇ ಇಟ್ಟರು. ಸೋಮವಾರದ ಬಸ್ಸಿಗೆ ಲಕೋಟೆಯನ್ನು ಮಾಪಣ್ಣನ ಕೈಗೆ ಕೊಡದೆ ತಾವೇ ಹೋಗಿ ಹಾಕಿಬಂದರು.