ಶೂ ನೋಡಿ ಬರೆದ ಹಾಜರಿ

ನಮ್ಮ ವಿಶ್ವವಿದ್ಯಾಲಯದಲ್ಲಿ ಆಟದ ಕ್ಲಬ್ಬುಗಳನ್ನು ನಡೆಸುವವರು ವಿದ್ಯಾರ್ಥಿಗಳೇ. ಮೇಷ್ಟ್ರುಗಳು ಇತ್ತ ತಲೆ ಹಾಕುವುದಿಲ್ಲ. ವರ್ಷದ ಮೊದಲ ವಾರ ನಾವೇ ಕೈಯೆತ್ತಿ ಕ್ಯಾಪ್ಟನ್ನನ್ನೂ ಕಾರ್ಯದರ್ಶಿಯನ್ನೂ ಆರಿಸುತ್ತೇವೆ. ನಮ್ಮ ಮೇಲೆ ಕ್ರೀಡಾ ಮಂಡಳಿ. ಅಲ್ಲಿ ಕೂತವರೂ ಕೊನೆಯ ವರ್ಷದ ವಿದ್ಯಾರ್ಥಿಗಳು. ಆಟದ ಹಾಲ್ ಯಾವ ದಿನ ಯಾರಿಗೆ, ಪಂದ್ಯಾವಳಿಗೆ ಯಾರು ಹೋಗಬಹುದು ಎಂಬುದೆಲ್ಲ ಅವರ ಕೈಯಲ್ಲಿ. ಮೂವತ್ತು ದಿನದ ಅಭ್ಯಾಸದಲ್ಲಿ ಇಪ್ಪತ್ತು ದಿನವಾದರೂ ಬಂದಿರಬೇಕು, ಇಲ್ಲದಿದ್ದರೆ ಎಷ್ಟು ಒಳ್ಳೆಯ ಆಟಗಾರ್ತಿಯಾದರೂ ಪಟ್ಟಿಗಿಲ್ಲ. ಇದು ಅವರ ನಿಯಮ.

ಹೆಂಗಸರ ವಾಲಿಬಾಲ್ ಕ್ಲಬ್ಬಿಗೆ ನಾನು ಕಾರ್ಯದರ್ಶಿ. ನನ್ನ ಆಟ ನೋಡಿ ಯಾರೂ ಆರಿಸಲಿಲ್ಲ. ‘ಇವಳ ಅಕ್ಷರ ಮುತ್ತಿನ ಹಾಗಿದೆ, ಸುಳ್ಳೂ ಹೇಳಲ್ಲ’ ಎಂದು ಕ್ಯಾಪ್ಟನ್ ಅಂದಳು, ಕೈಗಳು ಮೇಲೆದ್ದವು. ಅಂದಿನಿಂದ ನನ್ನನ್ನು ಎಲ್ಲರೂ ಕರೆಯುವುದು ರಿಜಿಸ್ಟರ್ ಎಂದೇ.

ಹಗಲು ನಾನು ಶೂ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಸಂಜೆ ಏಳಕ್ಕೆ ತರಗತಿ. ಅಭ್ಯಾಸ ಐದೂವರೆಗೆ ಶುರುವಾಗುತ್ತದೆ. ಅಂಗಡಿಯಿಂದ ಓಡಿ ಬಂದರೂ ನಾನು ಮುಟ್ಟುವುದು ಐದು ಐವತ್ತಕ್ಕೆ. ಅಷ್ಟರಲ್ಲಿ ಆಟ ಕಾವೇರಿರುತ್ತಿತ್ತು. ನಡುವೆ ನಿಲ್ಲಿಸಿ ಹೆಸರು ಕೂಗುವುದಕ್ಕೆ ನನಗೆ ಸಂಕೋಚ. ಹಾಗಾಗಿ ಬಾಗಿಲ ಹೊರಗಿನ ಶೂ ಸ್ಟ್ಯಾಂಡ್ ನೋಡಿ ಹಾಜರಿ ಹಾಕುವುದನ್ನು ಅಭ್ಯಾಸ ಮಾಡಿಕೊಂಡೆ.

ಹಾಲಿನದು ಮರದ ನೆಲ. ಹೊರಗಿನ ಶೂ ಹೊರಗೇ ಬಿಟ್ಟು, ಚೀಲದಲ್ಲಿ ತಂದ ಬೇರೆ ಶೂ ಹಾಕಿಕೊಂಡು ಒಳಗೆ ಹೋಗಬೇಕು. ತಪ್ಪಿದರೆ ಇಡೀ ಕ್ಲಬ್ಬಿಗೆ ಎರಡು ವಾರ ಬೀಗ. ಇದನ್ನು ನೋಡಿಕೊಳ್ಳುವ ಹಿರಿಯರಿಗೆ ನಾವಿಟ್ಟ ಹೆಸರು ಬೀಗದ ಮಾಮ. ನನಗೋ ಮುಖಕ್ಕಿಂತ ಮೊದಲು ಕಾಲು ಕಾಣುತ್ತದೆ, ಹೊಟ್ಟೆಪಾಡು ಹಾಗಿದೆ. ಹಿಮ್ಮಡಿ ಸವೆದ ಕಂದು ಜೋಡಿ ಕ್ಯಾಪ್ಟನ್ನಿನದು. ಲಾಡಿ ಬಿಚ್ಚದೆ ಒದ್ದು ಬಿಟ್ಟದ್ದು ಮೊದಲ ವರ್ಷದ ಗುಂಡಮ್ಮನದು. ಅರ್ಧ ನಿಮಿಷದಲ್ಲಿ ಎಲ್ಲರಿಗೂ ಗೆರೆ ಎಳೆದು ನಾನೂ ಒಳಗೆ ಹೋಗುತ್ತಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡದ್ದೂ ಉಂಟು.

ಪಟ್ಟಿ ಮಾಡುವ ದಿನ ಕ್ಯಾಪ್ಟನ್ ನನ್ನ ಪಕ್ಕ ಕೂತು ಹೆಸರು ಓದಿಸಿದಳು. ಎಡಗೈ ಎಂದೇ ನಾವು ಕರೆಯುವ ಹುಡುಗಿಯ ಹೆಸರಿನ ಮುಂದೆ ಹದಿನೇಳು ಎಂದಿತ್ತು. ಎಡಗೈ ನಮ್ಮ ಕ್ಲಬ್ಬಿನ ಅತಿ ಗಟ್ಟಿ ಹೊಡೆತದ ಹುಡುಗಿ. ಮಾತು ಕಡಿಮೆ, ಈ ವರ್ಷವೇ ಅವಳ ಓದು ಮುಗಿಯುತ್ತದೆ.

“ಹದಿನೇಳಾ? ಅವಳು ದಿನಾ ಇರ್ತಾಳಲ್ವೇನೇ?” ಎಂದಳು ಕ್ಯಾಪ್ಟನ್.

ನಾನು ಪುಸ್ತಕ ತಿರುಗಿಸಿ ತೋರಿಸಿದೆ. ಸ್ಕೇಲಿಟ್ಟು ಎಳೆದ ಗೆರೆಗಳು, ಒಂದೂ ಚಿತ್ತಿಲ್ಲ.

“ಸರಿ ಬಿಡು. ರಿಜಿಸ್ಟರ್ ಹೇಳಿದ್ಮೇಲೆ ಮುಗೀತು,” ಎಂದಳು.

ಹನ್ನೆರಡು ಮಂದಿಯ ಪಟ್ಟಿಯಲ್ಲಿ ಎಡಗೈ ಇಲ್ಲದೆ ಖಾಲಿ ಬಿದ್ದ ಹನ್ನೆರಡನೆಯ ಜಾಗಕ್ಕೆ ಸಾಲಿನಲ್ಲಿ ಮುಂದಿದ್ದವಳು ನಾನು. ನನ್ನ ಹೆಸರನ್ನು ನಾನೇ ಬರೆದೆ. ಸಂತೋಷಕ್ಕೆ ಅಕ್ಷರ ಎಂದಿಗಿಂತ ದುಂಡಗೆ ಬಿತ್ತು.

ಪಟ್ಟಿ ನೋಟಿಸ್ ಹಲಗೆಗೆ ಬಿದ್ದ ಮೂರನೆಯ ದಿನ ಅಂಗಡಿಗೆ ರಜೆ. ನಾನು ಐದಕ್ಕೇ ಬಂದೆ. ನೀರು ತುಂಬಿಸಿಕೊಳ್ಳಲು ಹಾಲಿನ ಹಿಂದಿನ ನಲ್ಲಿ ಕೋಣೆಗೆ ಹೋದರೆ ಅಲ್ಲಿ ಎಡಗೈ ಕಟ್ಟೆಯ ಮೇಲೆ ಬರಿಗಾಲಲ್ಲಿ ಕೂತಿದ್ದಳು. ಒಂದು ಶೂ ತೊಡೆಯ ಮೇಲೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ತಳದ ಗೀರುಗಳಿಂದ ಮಣ್ಣು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಮಡಿಸಿಟ್ಟ ಒಣ ಬಟ್ಟೆ.

“ಇದೇನೇ?” ಎಂದೆ.

ಅವಳು ಬೆಚ್ಚಿ ಶೂವನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಆಮೇಲೆ, ಇನ್ನು ಮುಚ್ಚಿಟ್ಟು ಏನು ಎಂಬಂತೆ ಮುಂದೆ ತಂದಳು.

“ಇರೋದು ಇದೊಂದೇ ಜೊತೆ. ಮೊದಲು ಚಪ್ಪಲೀಲಿ ಬರ್ತಿದ್ದೆ, ಇದನ್ನ ಚೀಲದಲ್ಲಿ ತರ್ತಿದ್ದೆ. ಚಪ್ಪಲಿ ಕಿತ್ತು ಹೋಯ್ತು, ಈಗ ರಸ್ತೆಗೂ ಇದೇ. ತೊಳೆದು, ಒರೆಸಿ, ಹಿಂದಿನ ಬಾಗಿಲಿಂದ ಒಳಗೆ ಹೋಗ್ತೀನಿ. ಬೇಕಿದ್ರೆ ಮಾಮಂಗೆ ಹೇಳು ಹೋಗು.”

ಹದಿನೇಳು ದಿನ ಚಪ್ಪಲಿ ಸ್ಟ್ಯಾಂಡಿನಲ್ಲಿತ್ತು. ಆಮೇಲೆ ಹದಿಮೂರು ದಿನ ಅವಳ ಜಾಗದಲ್ಲಿ ಏನೂ ಇರಲಿಲ್ಲ. ನನ್ನ ಲೆಕ್ಕ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಅವಳ ಚಪ್ಪಲಿ ಕಿತ್ತ ದಿನವನ್ನು ಕೂಡ ನನ್ನ ಪುಸ್ತಕ ನೋಡಿ ಹೇಳಬಹುದಿತ್ತು.

“ಪಟ್ಟಿ ನೋಡಿ ಯಾಕೆ ಸುಮ್ಮನಿದ್ದೆ?” ಎಂದೆ.

“ಏನಂತ ಕೇಳ್ಲಿ? ನಿನಗೆ ಜಾಗ ಬೇಕಿತ್ತು, ತಗೊಂಡೆ ಅಂದ್ಕೊಂಡೆ. ಪುಸ್ತಕ ನಿನ್ನ ಕೈಲಿತ್ತು.”

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅವಳು ಗಂಟೆ ಎಷ್ಟು ಎಂದು ಕೇಳಿದವರಿಗೆ ಉತ್ತರಿಸುವಂತೆ ಹೇಳಿದಳು, ಮತ್ತೆ ಬ್ರಷ್ ಹಿಡಿದಳು.

ಹಾಗಲ್ಲ, ಅದು ತಪ್ಪಾಗಿ ಆದದ್ದು ಎಂದು ಹೇಳಲು ಬಾಯಿ ತೆರೆದೆ. ಆದರೆ ದಿನವೂ ಒಂದು ಗಂಟೆ ನಾನೂ ಅದೇ ಹಾಲಿನಲ್ಲಿದ್ದೆ. ಕೊನೆಯ ಬಲೆಯಲ್ಲಿ ಹೊಸಬರ ಜೊತೆ ಸರ್ವಿಸ್ ಕಲಿಯುತ್ತಿದ್ದರೂ ಅವಳ ಹೊಡೆತದ ಸದ್ದು ಕಿವಿಗೆ ಬೀಳುತ್ತಲೇ ಇತ್ತು. ಕಂಡದ್ದನ್ನು ಬರೆದದ್ದಕ್ಕೆ ಹೋಲಿಸಿ ನೋಡಬೇಕೆಂದು ನನಗೆ ತೋಚಲಿಲ್ಲ. ತೋಚಲಿಲ್ಲವೋ, ಹನ್ನೆರಡನೆಯ ಜಾಗ ಹತ್ತಿರ ಬಂದಂತೆ ತೋಚದಿರಲಿ ಎಂದು ಬಿಟ್ಟೆನೋ? ಇವತ್ತಿಗೂ ಎದೆ ಮುಟ್ಟಿ ಹೇಳಲಾರೆ.

ಮರುದಿನ ಅಂಗಡಿಯಲ್ಲಿ ಅವಳ ಅಳತೆಯ ಒಂದು ಜೊತೆ ಕೊಂಡು ಚೀಲಕ್ಕೆ ಹಾಕಿಕೊಂಡೆ. ಅಳತೆ ಕೇಳಬೇಕಾಗಿರಲಿಲ್ಲ, ಅದು ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಆ ಡಬ್ಬಿ ಸೊಂಟಕ್ಕೆ ಬಡಿಯುತ್ತಿತ್ತು. ಜಾಗ ಕಿತ್ತುಕೊಂಡವಳು ಶೂ ಕೊಟ್ಟು ಸರಿದೂಗಿಸುವುದೇ? ಡಬ್ಬಿಯನ್ನು ನಾನು ಹೊರಗೆ ತೆಗೆಯಲೇ ಇಲ್ಲ.

ಕ್ಯಾಪ್ಟನ್ನಿಗೆ ಎಲ್ಲ ಹೇಳಿದೆ. ಅವಳು ತಲೆ ಮೇಲೆ ಕೈ ಹೊತ್ತಳು.

“ಮಂಡಳಿಗೆ ನಿಜ ಬರೆದ್ರೆ ಹಾಲಿಗೆ ಬೀಗ ಕಣೇ. ಪಂದ್ಯ ಇನ್ನು ಹತ್ತು ದಿನ. ನೀನು ಹುಷಾರಿಲ್ಲ ಅಂತ ಹಿಂದೆ ಸರಿ, ಅವಳನ್ನ ಹಾಕೋಣ.”

“ಇಪ್ಪತ್ತಿಲ್ಲದವಳನ್ನ ಹಾಕೋಕೆ ಬರಲ್ಲ. ಪುಸ್ತಕ ಹಂಗೇ ಹೇಳುತ್ತೆ.”

“ಎಂಥಾ ಪುಸ್ತಕಾನೇ ತಾಯಿ ನಿಂದು!”

ಕೊನೆಗೆ ಒಂದು ಕಾಗದ ಬರೆದೆ. ಶೂ ತೊಳೆದದ್ದರ ಸುದ್ದಿ ಅದರಲ್ಲಿ ತರಲಿಲ್ಲ. ‘ನಾನು ಆಟಗಾರರನ್ನು ನೋಡದೆ ಹೊರಗಿನ ಸ್ಟ್ಯಾಂಡ್ ನೋಡಿ ಹಾಜರಿ ಹಾಕಿದ್ದೇನೆ. ಆದ್ದರಿಂದ ಈ ಪುಸ್ತಕವನ್ನು ನಂಬುವಂತಿಲ್ಲ. ಎಡಗೈ ಮೂವತ್ತು ದಿನವೂ ಬಂದಿದ್ದಾಳೆ. ಅವಳ ಜಾಗದಲ್ಲಿ ನನ್ನ ಹೆಸರು ಸೇರಿದೆ.’ ಇಷ್ಟೇ. ಬರೆದು ಓದಿದಾಗ ಕಳ್ಳಿಯೊಬ್ಬಳ ತಪ್ಪೊಪ್ಪಿಗೆಯಂತೆಯೇ ಇತ್ತು. ಬದಲಿಸಲು ಒಂದು ಪದವೂ ಸಿಗಲಿಲ್ಲ.

ಮಂಡಳಿಯಲ್ಲಿ ಮೇಜಿನ ಹಿಂದೆ ಕೂರುವವನನ್ನು ಎಲ್ಲರೂ ಮೊಹರು ಅನ್ನುತ್ತಾರೆ. ನನಗಿಂತ ಚಿಕ್ಕವನು. ಅವನು ಕಾಗದ ಓದಿ, ನನ್ನ ಮುಖ ನೋಡಿ, ಮತ್ತೆ ಓದಿದ.

“ಶೂ ನೋಡಿ ಹಾಜರಿನಾ ಅಕ್ಕ? ಹಂಗಾದ್ರೆ ಇವರ ಶೂ ಎಲ್ಲಿತ್ತು?”

ಈ ಪ್ರಶ್ನೆಗೆ ನಾನು ಹೆದರಿದ್ದೆ. “ಅದು ನನಗೆ ಗೊತ್ತಿಲ್ಲ. ನಾನು ಸರಿಯಾಗಿ ನೋಡಿಲ್ಲ,” ಎಂದೆ. ಸುಳ್ಳು ಹೇಳಲ್ಲ ಎಂದು ಆರಿಸಿದವರ ನೆನಪಾಯಿತು.

“ತಂಡದವರೆಲ್ಲ ಇದರ ಕೆಳಗೆ ಸಹಿ ಹಾಕ್ಲಿ. ಹಾಲ್ ನೋಡ್ಕೊಳ್ಳೋರದ್ದೂ ಬೇಕು. ನಾಳೆ ಸಂಜೆ ಒಳಗೆ,” ಎಂದ.

ಹಾಗೆ ನನ್ನ ಕಾಗದವನ್ನು ಒಬ್ಬೊಬ್ಬರ ಮುಂದೆ ಹಿಡಿದು, ಅವರು ಓದಿ ಮುಗಿಸುವವರೆಗೆ ಎದುರಿಗೆ ನಿಂತೆ. ಕೆಲವರು ಓದಿದ ಕೂಡಲೇ ಸಹಿ ಹಾಕಿದರು. ಗುಂಡಮ್ಮ ಕಾಲು ಮುಂದೆ ಚಾಚಿ, “ನನ್ನ ಶೂ ಯಾವ ನಂಬರ್ ಹೇಳು?” ಎಂದಳು.

“ಐದು.”

“ಸರಿ. ಈಗ ಕಾಗದ ನೋಡ್ಕೊಂಡೇ ಹೇಳು, ನನ್ನ ಮಚ್ಚೆ ಯಾವ ಕೆನ್ನೆ ಮೇಲಿದೆ?”

ಎಲ್ಲರೂ ನಕ್ಕರು. ನನಗೆ ಗೊತ್ತಿರಲಿಲ್ಲ. ಮಚ್ಚೆ ಇದೆಯೆಂಬುದೇ ಗೊತ್ತಿರಲಿಲ್ಲ.

ಬೀಗದ ಮಾಮ ಕನ್ನಡಕ ಏರಿಸಿ ಕಾಗದ ಓದಿದರು. “ಆ ಎಡಗೈ ಹುಡುಗೀನಾ? ದಿನಾ ಬರ್ತಾಳಲ್ಲಮ್ಮ. ಹಿಂದಿನ ಬಾಗಿಲ ಚಿಲಕ ತೆಗೆದಿಡೋನು ನಾನೇ.” ನಾನು ಗಾಬರಿಯಿಂದ ನೋಡಿದೆ. ಅವರು ದನಿ ತಗ್ಗಿಸಿದರು. “ನೆಲಕ್ಕೆ ಮಣ್ಣು ಬರಬಾರದು, ಅಷ್ಟೇ ನನ್ನ ತಕರಾರು. ಅವಳ ಶೂ ನಿಮ್ಮೆಲ್ಲರ ಪಾದಕ್ಕಿಂತ ಚೊಕ್ಕ. ನೀನು ನೋಡಿರಲಿಲ್ವಾ?”

ಎಡಗೈ ಕೊನೆಯವಳು. ಅವಳು ಕಾಗದವನ್ನು ಎರಡು ಸಲ ಓದಿದಳು. ಶೂ ತೊಳೆಯುವ ಮಾತು ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದಳೆಂದು ಕಾಣುತ್ತದೆ. ಇಲ್ಲವೆಂದು ಖಾತ್ರಿಯಾದ ಮೇಲೆ ಸಹಿ ಹಾಕಿ, ಪೆನ್ನು ಹಿಂದಿರುಗಿಸಿದಳು. ಥ್ಯಾಂಕ್ಸ್ ಅನ್ನಲಿಲ್ಲ. ಅಂದಿದ್ದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳುತ್ತಿದ್ದೆ?

ಪಟ್ಟಿ ಬದಲಾಯಿತು. ಮಂಡಳಿ ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆದು, ಇನ್ನು ಮುಂದೆ ಆಟ ಶುರುವಾಗುವ ಮೊದಲು ಹೆಸರು ಕೂಗಿಯೇ ಹಾಜರಿ ಹಾಕಬೇಕೆಂದು ಆಜ್ಞೆ ಮಾಡಿತು. ಪುಸ್ತಕ ಗುಂಡಮ್ಮನ ಕೈಗೆ ಹೋಯಿತು. ಎರಡು ದಿನ ನಾನು ಅತ್ತ ಸುಳಿಯಲಿಲ್ಲ. ಮೂರನೆಯ ದಿನ, ಹೋಗದಿದ್ದರೆ ಎಂದೂ ಹೋಗಲಾರೆ ಅನ್ನಿಸಿ, ಎಂದಿನಂತೆ ಐದು ಐವತ್ತಕ್ಕೆ ಬಾಗಿಲಲ್ಲಿ ನಿಂತೆ.

“ತಡ ಆಯ್ತು. ಹೆಸರು ಕೂಗಿ ಆಯ್ತಲ್ಲ, ಗೈರು ಹಾಕಿದೀನಿ,” ಎಂದಳು ಗುಂಡಮ್ಮ. ಅವಳ ತಪ್ಪಲ್ಲ, ಆಜ್ಞೆಯೇ ಹಾಗಿತ್ತು. ನಾನು ತಲೆಯಾಡಿಸಿ ಹಿಂದೆ ತಿರುಗಿದೆ.

ಬಲೆಯ ಹತ್ತಿರದಿಂದ ಎಡಗೈ ಚೆಂಡನ್ನು ನೆಲಕ್ಕೆ ಕುಟ್ಟುತ್ತಲೇ ಹೇಳಿದಳು, “ಬಂದಿದ್ದಾಳಲ್ಲೇ. ಕಣ್ಣ ಮುಂದೆ ನಿಂತಿದ್ದಾಳೆ. ಬರ್ಕೋ.”

ನನ್ನತ್ತ ಅವಳು ನೋಡಲಿಲ್ಲ. ಗುಂಡಮ್ಮ ರಬ್ಬರಿನಿಂದ ಉಜ್ಜುವ ಸದ್ದು ಕೇಳಿಸಿತು. ನಾನು ಹೊರಗೆ ಹೋಗಿ ಶೂ ಬಿಚ್ಚಿ ಸ್ಟ್ಯಾಂಡಿನ ಮೇಲಿಟ್ಟೆ. ಬೇರೆ ಯಾರ ಶೂ ಅಲ್ಲಿತ್ತೋ ನೋಡಲಿಲ್ಲ. ಒಳಗೆ ಹೋಗಿ ಕೊನೆಯ ಬಲೆಯ ಹತ್ತಿರ ನಿಂತೆ. ಗುಂಡಮ್ಮನ ಮಚ್ಚೆ ಎಡಗೆನ್ನೆಯ ಮೇಲಿತ್ತು.