ರಂಜಿನಿಯ ಇಂಗ್ಲಿಷಿನ ತಪ್ಪು

ನನ್ನದು ಸುಮ್ಮನಿರುವ ಬಾಯಲ್ಲ. ಅದಕ್ಕೇ ಮೈಸೂರಿನ ಡಾಕ್ಟರು, ಗಂಟಲಲ್ಲಿ ಗಂಟಾಗಿದೆ, ಎರಡು ತಿಂಗಳು ಮಾತಾಡಕೂಡದು ಎಂದಾಗ ನಮ್ಮ ಯಜಮಾನರು ಒಳಗೊಳಗೇ ಖುಷಿಪಟ್ಟರು. ನನಗೆ ಚಿಂತೆ ಹತ್ತಿದ್ದು ಟ್ಯೂಷನ್ನಿನದು. ವ್ಯಾನಿನಲ್ಲಿ ನಂಜನಗೂಡಿನ ಕಾನ್ವೆಂಟಿಗೆ ಹೋಗಿಬರುವ ನಮ್ಮ ಮಠದ ಬೀದಿಯ ಹದಿನಾರು ಚಿಕ್ಕ ಮಕ್ಕಳಿಗೆ ಸಂಜೆ ನಮ್ಮ ಜಗಲಿಯಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವವಳು ನಾನು.

ನನ್ನ ಬದಲಿಗೆ ಪಾಠ ಮಾಡಲು ಚೀಟಿ ಬರೆದು ಕರೆಸಿದ್ದು ರಂಜಿನಿಯನ್ನು. ಅಂಬೇಡ್ಕರ್ ಬೀದಿಯ ಪುಟ್ಟಮಾದಮ್ಮನ ಮಗಳು, ಇಂಗ್ಲಿಷ್ ಎಂ.ಎ. ಮಾಡಿದವಳು. ತಿ. ನರಸೀಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದು, ಅವಧಿ ಮುಗಿದು ಊರಿಗೆ ಬಂದಿದ್ದಳು. ಯಾರೂ ಹೇಳದಿದ್ದರೂ ಅವಳು ಜಗಲಿ ಹತ್ತಲಿಲ್ಲ. ಮಕ್ಕಳು ಮೇಲೆ ಚಾಪೆಯಲ್ಲಿ, ಅವಳು ಕೆಳಗೆ ಅಂಗಳದಲ್ಲಿ. ನಾನೂ ನೋಡಿಕೊಂಡು ಸುಮ್ಮನಿದ್ದೆ, ಮಾತಾಡಬಾರದೆಂಬ ನೆಪವಿತ್ತಲ್ಲ.

ನಾನು ಆಮ್, ಈಸ್, ಆರ್ ಎಂದು ರಾಗವಾಗಿ ಹೇಳಿಸುತ್ತಿದ್ದೆ. ಅವಳು ಬೀದಿಯಲ್ಲಿ ಕಂಡದ್ದನ್ನೆಲ್ಲ ವಾಕ್ಯ ಮಾಡಿಸಿದಳು. ವರ್ಷವೆಲ್ಲ ನನ್ನೆದುರು ತುಟಿ ಬಿಚ್ಚದಿದ್ದ ಅಮೃತೇಶ್ ಒಂದು ಸಂಜೆ "ದಿ ಗೋಟ್ ಈಸ್ ಈಟಿಂಗ್ ಮೈ ನೋಟ್‌ಬುಕ್!" ಎಂದು ಕೂಗಿಕೊಂಡ. ಮೇಕೆ ನಿಜವಾಗಿಯೂ ತಿನ್ನುತ್ತಿತ್ತು. ಒಳಗೆ ಕೂತಿದ್ದ ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆಷಾಢದ ಒಂದು ಸಂಜೆ ಜಡಿಮಳೆ ಹಿಡಿಯಿತು. ಅವಳು ಕೊಡೆ ಹಿಡಿದು ಅಂಗಳದಲ್ಲೇ ನಿಂತು ಪಾಠ ಮಾಡುತ್ತಿದ್ದಳು. ನೋಡಲಾಗದೆ ಕೈಹಿಡಿದು ಮೇಲೆ ಹತ್ತಿಸಿ ಮಕ್ಕಳ ನಡುವೆ ಕೂರಿಸಿದೆ. ಏನೋ ದೊಡ್ಡ ಕೆಲಸ ಮಾಡಿದೆನೆಂದು ಬೀಗಿದೆ ಕೂಡ. ಅಂದಿನಿಂದ ಅವಳ ಪಾಠ ಜಗಲಿಯ ಮೇಲೆಯೇ.

ಮಾರನೆಯ ದಿನ ಬಂದದ್ದು ಹನ್ನೊಂದು ಮಕ್ಕಳು. ವಾರದೊಳಗೆ ಏಳಾಯಿತು. ಅಮೃತೇಶನೂ ಬರುವುದು ನಿಲ್ಲಿಸಿದ. ಅವನ ತಾಯಿ ಅರ್ಪಿತ ಒಂದು ಬೆಳಿಗ್ಗೆ ಬಂದು ನನ್ನ ಪಕ್ಕ ಕೂತಳು.

"ಆ ಉಡ್ಗೀದು ಪ್ರೊನನ್ಸಿಯೇಷನ್ನೇ ಸರಿಯಿಲ್ಲ ಕಣಕ್ಕ. ಮಕ್ಳು ಅದನ್ನೇ ಕಲ್ತ್‌ಬುಡ್ತವೆ. ನೀವೇ ಏಳ್ಕೊಡಿ."

ಅರ್ಪಿತ ಇಂಗ್ಲಿಷಿನಲ್ಲಿ ಒಂದು ವಾಕ್ಯ ಪೂರ್ತಿ ಮಾಡಿದ್ದನ್ನು ನಾನು ಕೇಳಿಲ್ಲ. 'ಜಗಲಿ ಹತ್ತಿದಳೆಂದು ತಾನೇ?' ಎಂದು ಮುಖಕ್ಕೆ ಹೊಡೆದಂತೆ ಕೇಳಬೇಕಿತ್ತು. ಕೇಳಲಿಲ್ಲ. ತಲೆಯಾಡಿಸಿದೆ. ಇದ್ದಬದ್ದ ಏಳು ಮಕ್ಕಳೂ ಹೋದರೆ ಈ ಬೀದಿಯಲ್ಲಿ ನನ್ನನ್ನು ಟೀಚರ್ ಎಂದು ಕರೆಯುವವರು ಯಾರು ಎಂಬ ಹೆದರಿಕೆ ನನಗೆ.

ಡಾಕ್ಟರ ಗಡುವಿಗೆ ಇನ್ನೂ ಹದಿನೈದು ದಿನವಿತ್ತು. ಆ ಸಂಜೆ ಪಾಠ ಮುಗಿದ ಮೇಲೆ ರಂಜಿನಿಯನ್ನು ನಿಲ್ಲಿಸಿಕೊಂಡು, ನಾಳೆಯಿಂದ ನಾನೇ ನೋಡಿಕೊಳ್ಳುತ್ತೇನೆ ಎಂದು ಕೀರಲು ದನಿಯಲ್ಲಿ ಹೇಳಿದೆ.

"ನನ್ ಪಾಠದಲ್ಲೇನಾರ ತಪ್ಪಿತ್ತಾ ಮೇಡಂ?"

"ಉಚ್ಚಾರಣೆ ಕಣಮ್ಮ. ಸ್ವಲ್ಪ ತಿದ್ಕೋಬೇಕು."

ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ನಂಬಿಬಿಟ್ಟಳು.

"ಹೌದಾ? ಕಾಲೇಜಲ್ಲಿ ಒಬ್ರೂ ಹೇಳ್ಲಿಲ್ಲ ನೋಡಿ. ನಂಗೂ ಕಲಿಸ್ಕೊಡಿ ಮೇಡಂ. ನಾಳೆಯಿಂದ ಮಕ್ಕಳ ಹಿಂದೆ ಇಲ್ಲೇ ಒಂದು ಮೂಲೇಲಿ ಕೂತ್ಕೋತೀನಿ."

ನಾನು ಚಾಪೆ ಸುತ್ತತೊಡಗಿದೆ. "ಜಾಗ ಸಾಲಲ್ಲ ಕಣಮ್ಮ."

ಏಳು ಮಕ್ಕಳು ಕಾಲು ಚಾಚಿ ಮಲಗಿದರೂ ಮಿಗುವ ಜಗಲಿಯನ್ನು ಅವಳು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಹಂಗಾದ್ರೆ ನನ್ ಉಚ್ಚಾರಣೆ ಸರಿಯಾಗೇ ಇದೆ ಬುಡಿ ಮೇಡಂ" ಎಂದು ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡಳು.