ಪಂಚಾಯಿತಿ ಕೊಂಡ ಎಲೆ

ವಿವೇಕಶಾಲಿಗಳಾದ ವಾಚಕ ಮಹನೀಯರೇ, ಸರ್ಕಾರಿ ಕಚೇರಿಯ ಖರೀದಿಯು ತಮಗೆ ಸಂಬಂಧಿಸಿದ ವಿಷಯವಲ್ಲವೆಂದು ತಾವು ಭಾವಿಸಿರಬಹುದು. ಸೊರಬ ತಾಲ್ಲೂಕಿನ ಗುಡ್ಡಮ್ಮನವರೂ ಹಾಗೆಯೇ ಭಾವಿಸಿದ್ದರು. ಅವರ ಕೊಟ್ಟಿಗೆಯಲ್ಲಿ ನಡೆದುದನ್ನು ವಿಷಾದದಿಂದಲೇ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಗುಡವಿಯ ಆಚೆಗಿನ ಆ ಊರಿನಲ್ಲಿ ಉಂಡ ಬಾಳೆ ಎಲೆಯನ್ನು ತಿಪ್ಪೆಗೆ ಎಸೆಯುವುದಿಲ್ಲ. ಅದು ದನದ ಪಾಲು. ಪಂಚಾಯಿತಿಯಲ್ಲಿ ಊಟ ನಡೆದಾಗಲೆಲ್ಲ ಗುಡ್ಡಮ್ಮ ಬುಟ್ಟಿ ಹಿಡಿದು ಹೋಗಿ ಎಲೆಗಳನ್ನು ತರುತ್ತಿದ್ದರು. ಕಳೆದ ವರ್ಷದಿಂದ ಪಂಚಾಯಿತಿಯು ಬಾಳೆ ಎಲೆಯ ಚಿತ್ರ ಅಚ್ಚೊತ್ತಿದ ಕಾಗದದ ಎಲೆಗಳನ್ನು ಕೊಳ್ಳತೊಡಗಿತು. ಅದರ ಮೇಲಿದ್ದ ತೆಳುವಾದ ಪ್ಲಾಸ್ಟಿಕ್ ಪೊರೆ ಯಾರ ಗಮನಕ್ಕೂ ಬರಲಿಲ್ಲ.

"ಕಾಗದ ತಾನೆ? ದನ ಗೋಡೆ ಮೇಲಿನ ಪೋಸ್ಟರೇ ತಿಂತಾವೆ" ಎಂದು ಗುಡ್ಡಮ್ಮ ಅವನ್ನೂ ಹೊತ್ತು ತಂದರು.

ಊರೂರು ತಿರುಗುತ್ತ ಬಂದ ನಾನು ಅವರ ಜಗಲಿಯಲ್ಲಿ ತಂಗಿದ್ದಾಗ, ತುಂಬು ಗಬ್ಬದ ಹಸು ಗೌರಿ ಮೇವು ಬಿಟ್ಟು ಮಲಗಿತ್ತು. ದನಕರುಗಳ ಆರೈಕೆಗೆ ತರಬೇತಿ ಪಡೆದ ಊರಿನ ಪಶುಸಖಿ ನಾಗಶ್ರೀ ಬಂದು, ಕಲ್ಲಿನಂತಾಗಿದ್ದ ಹೊಟ್ಟೆಯನ್ನು ಮುಟ್ಟಿ ನೋಡಿ ವೈದ್ಯರನ್ನು ಕರೆಸಿದಳು. ವೈದ್ಯರು ಹೊಟ್ಟೆ ಕೊಯ್ದು ಹಸಿರು ಪೊರೆಯ ಮುದ್ದೆಗಳನ್ನು ಎಳೆದು ಹಾಕಿದರು. ಆದರೆ ತಡವಾಗಿತ್ತು. ಬೆಳಗಾಗುವಷ್ಟರಲ್ಲಿ ಗೌರಿಯೂ ಅದರೊಳಗಿನ ಕರುವೂ ತೀರಿಕೊಂಡವು.

"ನನ್ನ ಕೈಯಾರೆ ತಿನ್ಸಿದ್ನಲ್ಲೇ!" ಎಂದು ಗುಡ್ಡಮ್ಮ ಹಣೆ ಚಚ್ಚಿಕೊಂಡರು.

ಅವರ ಮಗ ಜಯಪ್ಪ ಪಂಚಾಯಿತಿ ಸದಸ್ಯ. ಅವನು ತಲೆ ಎತ್ತಲಿಲ್ಲ. "ಎಂತ ಮಾಡದು ನಾಗಶ್ರೀ? ಯಾರ್ದು ಅಗ್ಗನೋ ಅವರ ಹತ್ರನೇ ತಗಬೇಕು. ರೂಲ್ಸು ಹಂಗೈತೆ."

"ಅಗ್ಗ ಅಂತ ಹುಲ್ಲು ಬಿಟ್ಟು ರಟ್ಟು ಹಾಕ್ತೀಯೇನಣ್ಣ ದನಕ್ಕೆ? ರೇಟು ಕೇಳೋಕೆ ಮುಂಚೆ, ಎಂಥ ಸಾಮಾನು ಬೇಕು ಅಂತ ಬರೆಯೋರು ಯಾರು?"

"ನಾವೇ."

"ಬರೇ 'ಊಟದ ಎಲೆ' ಅಂತ ಬರೆದ್ರೆ ಇದೇ ಬರೋದು. 'ಪ್ಲಾಸ್ಟಿಕ್ ಇಲ್ಲದ ಅಡಿಕೆ ಹಾಳೆ ತಟ್ಟೆ' ಅಂತ ಬರೀರಿ. ಆಮೇಲೆ ಅಂಥವು ಮಾರೋರಲ್ಲಿ ಯಾರು ಅಗ್ಗ ನೋಡ್ರಿ. ಯಾವ ರೂಲ್ಸು ಬೇಡ ಅಂತೈತೆ?"

"ಜಾಸ್ತಿ ಬೀಳ್ತದಲ್ಲೇ. ಆಡಿಟ್‌ನೋರು ಕೇಳಿದ್ರೆ?"

"ಈ ಎಲೆ ಕಸ ಹೊರೋ ಗಾಡಿ, ಕೆರೆಗೆ ಬಿದ್ದಿದ್ದನ್ನ ಬಳಿಯೋ ಆಳು, ಅದರ ಖರ್ಚನ್ನೂ ಸೇರ್ಸಿ ತೋರ್ಸು. ಗೌರೀನ ಯಾರ ಲೆಕ್ಕಕ್ಕೆ ಹಾಕ್ತೀಯೋ, ಅದು ಮಾತ್ರ ನಂಗೆ ಗೊತ್ತಿಲ್ಲ."

ಗುಡ್ಡಮ್ಮ ಮೆಲ್ಲನೆ, "ಅವತ್ತು ಮೀಟಿಂಗಲ್ಲಿ ಕೈ ಎತ್ತೋಕೆ ಮುಂಚೆ ಇದನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಮಗಾ" ಎಂದರು.

ಮುಂದಿನ ಸಭೆಗೆ ನಾನೂ ಹೋಗಿ ಹಿಂದೆ ಕುಳಿತೆ. ಇನ್ನು ಮೇಲೆ ಹಾಳೆ ತಟ್ಟೆ, ಫ್ಲೆಕ್ಸ್ ಬದಲು ಬಟ್ಟೆಯ ಬ್ಯಾನರು, ಕಡಿಮೆ ಕರೆಂಟು ಎಳೆಯುವ ಬೀದಿದೀಪ ಎಂದೇ ಬರೆದು ದರ ಕೇಳಬೇಕೆಂದು ಜಯಪ್ಪ ಹೇಳಿದ.

"ಏನ್ ಮಾರಾಯ, ಹಸು ಸತ್ತ ಮೇಲೆ ಬುದ್ಧಿ ಬಂತಾ?" ಎಂದು ಸದಸ್ಯ ಮಾಳೇಶ ನಕ್ಕ.

"ಹೌದು ಮಾಳೇಶ. ನಿನ್ನ ಹಸು ಇನ್ನೂ ಬದುಕೈತಲ್ಲ, ಅದಕ್ಕೇ ಹೇಳ್ತಿರೋದು."

ಒಪ್ಪಿಗೆ ಕೇಳಿದಾಗ ಮಾಳೇಶನೇ ಮೊದಲು ಕೈ ಎತ್ತಿದ.

ವಾಚಕರೇ, ಪಂಚಾಯಿತಿಯಾಗಲಿ, ಶಾಲೆಯಾಗಲಿ, ಕಚೇರಿಯಾಗಲಿ ಕೊಳ್ಳುವುದು ತಮ್ಮ ಹೆಸರಿನಲ್ಲಿಯೇ. ಆದುದರಿಂದ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ: ಏನನ್ನು ಕೊಳ್ಳುತ್ತೀರಿ? ಬಳಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಕೊಂಡ ಮೇಲಲ್ಲ, ಕೊಳ್ಳುವ ಮೊದಲೇ ಕೇಳಿರಿ.

ಮರುದಿನ ನಾನು ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿದೆ. ಗುಡ್ಡಮ್ಮ ಕಪ್ಪು ಚಹಾ ತಂದಿಟ್ಟು, "ಕರು ಹಾಕಿದ್ರೆ ಇಷ್ಟೊತ್ತಿಗೆ ಹಾಲಿರ್ತಿತ್ತಪ್ಪ" ಎಂದರು. ಕುಡಿದು, ಲೋಟ ತೊಳೆದಿಟ್ಟು, ಚೀಲವನ್ನು ಹೆಗಲಿಗೇರಿಸಿ ತೊಗರ್ಸಿಯ ದಾರಿ ಹಿಡಿದೆ.